ಮುಳ್ಳಿಗೆ ಸವೆಯುವ ದನಿ

ಹಳೆಯ ಗ್ರಾಮಾಫೋನ್ ರೆಕಾರ್ಡುಗಳನ್ನು ಕೂಡಿಹಾಕುವ ನನ್ನ ಹವ್ಯಾಸವು ಮನೆಯವರ ಪಾಲಿಗೆ ಒಂದು ಪೀಡೆಯೇ ಆಗಿದೆ. ಜೋಳದ ಚೀಲ ಇಡಬೇಕಾದ ಕೋಣೆಯಲ್ಲಿ ಕರಿಯ ತಟ್ಟೆಗಳು ಸಾಲುಗಟ್ಟಿ ನಿಂತಿವೆ. ಆದರೂ ವಾಚಕ ಬಂಧುಗಳ ಮನೆಗಳ ಅಟ್ಟ, ನಾಗಂದಿಗೆಗಳ ಮೇಲೆ ಇಂಥವು ಇನ್ನೂ ಉಳಿದಿರಬಹುದೆಂಬ ಆಸೆಯಿಂದ ಈ ನಾಲ್ಕು ಮಾತು.

ನಮ್ಮ ದೇಶದಲ್ಲಿ ಗ್ರಾಮಾಫೋನ್ ಕಂಪನಿಯ ಧ್ವನಿಮುದ್ರಣವು 1902ರಲ್ಲಿ ಕಲಕತ್ತೆಯಲ್ಲಿ ಆರಂಭವಾಯಿತು. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ರೆಕಾರ್ಡಿನ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು ಮಾತ್ರ ಹಿಡಿಯುತ್ತಿತ್ತು. ತಾಸುಗಟ್ಟಲೆ ಹಾಡಬಲ್ಲವರು ಅಷ್ಟರಲ್ಲಿಯೇ ರಾಗದ ಸಾರವನ್ನು ಹಿಂಡಿ ಕೊಡಬೇಕಾಗಿತ್ತು. ಮಲ್ಲಿಕಾರ್ಜುನ ಮನಸೂರರು (1910-1992) ತಾರುಣ್ಯದಲ್ಲಿ ಎಚ್.ಎಂ.ವಿ.ಗಾಗಿ ಹಾಡಿದ ಗೌಡಮಲ್ಹಾರ, ಅಡಾಣಾ ರಾಗಗಳ ರೆಕಾರ್ಡನ್ನು ಕೇಳಿ ಮೆಚ್ಚಿದ ಮಂಜೀಖಾನರೇ ಮುಂದೆ ಅವರಿಗೆ ಗುರುಗಳಾದರು. ನಮಗೆ ಇನ್ನೂ ಹತ್ತಿರದವರು ಬೀಳಗಿಯ ಅಮೀರಬಾಯಿ ಕರ್ನಾಟಕಿ. 1943ರ ‘ಕಿಸ್ಮತ್’ ಚಿತ್ರದ ಅವರ ಹಾಡುಗಳು ದೇಶವನ್ನೆಲ್ಲ ಸುತ್ತಿದವು. ಬೀಳಗಿಯು ಆಗ ವಿಜಾಪುರ ಜಿಲ್ಲೆಯದೇ. 1997ರಲ್ಲಿ ಬಾಗಲಕೋಟೆಗೆ ಸೇರಿತು.

ಇಂಡಿಯಿಂದ ಮುದ್ದೇಬಿಹಾಳದವರೆಗೆ ನಾನು ತಿರುಗದ ಊರು ಕಡಿಮೆ. ಸಿಂದಗಿ ಕಡೆಯ ಒಂದು ಮನೆಯಲ್ಲಿ ಮೊಸರಿನ ಗಡಿಗೆಗೆ ರೆಕಾರ್ಡೇ ಮುಚ್ಚಳವಾಗಿತ್ತು! ಮುದ್ದೇಬಿಹಾಳದಲ್ಲಿ ಸಿಕ್ಕ ಒಂದು ಕಟ್ಟು ಬಿಸಿಲಿಗೆ ಹಪ್ಪಳದಂತೆ ಸೊಟ್ಟಗಾಗಿತ್ತು. ಇವು ಅರಗಿನಿಂದ ಮಾಡಿದವು. ಬಿಸಿಗೆ ಬಾಗುತ್ತವೆ, ಕೈಜಾರಿದರೆ ಹಂಚಿನಂತೆ ಒಡೆಯುತ್ತವೆ. ಸ್ಪಿರಿಟ್ ಹಚ್ಚಿ ಒರೆಸಿದರಂತೂ ಅರಗೇ ಕರಗಿ ಹಾಡು ಅಳಿಸಿಹೋದೀತು. ತುಸು ಒದ್ದೆಯಾದ ಮೆತ್ತನೆಯ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಆರಿಸಿ, ನೆಟ್ಟಗೆ ನಿಲ್ಲಿಸಿಡಬೇಕು.

ಇದೇ ಜಿಲ್ಲೆಯಲ್ಲಿ ಪೂಜ್ಯ ಫ. ಗು. ಹಳಕಟ್ಟಿಯವರು (1880-1964) ಮನೆಮನೆ ಅಲೆದು ವಚನಗಳ ಓಲೆಗರಿಗಳನ್ನು ಕೂಡಿಹಾಕಿದರು. ಅವರ ತಪಸ್ಸಿನ ಮುಂದೆ ನನ್ನದು ಮಕ್ಕಳಾಟ. ಆದರೆ ಒಂದು ವ್ಯತ್ಯಾಸವುಂಟು. ಓಲೆಗರಿಯು ಓದಿದಷ್ಟಕ್ಕೆ ಸವೆಯದು. ರೆಕಾರ್ಡು ಕೇಳಿದಷ್ಟೂ ಸವೆಯುತ್ತದೆ. ಉಕ್ಕಿನ ಮುಳ್ಳು ಪ್ರತಿ ಸಲವೂ ಗೆರೆಯನ್ನು ಕೊಂಚ ಕೊರೆಯುತ್ತದೆ. ಹಾಗೆಂದೇ ಒಂದು ಮಗ್ಗುಲು ಮುಗಿದೊಡನೆ ಮುಳ್ಳು ಬದಲಿಸಬೇಕು. ಕಾಯ್ದಿಡುವುದೋ, ಕೇಳುವುದೋ ಎಂಬ ಈ ಇಕ್ಕಟ್ಟು ಸಂಗ್ರಾಹಕನನ್ನು ಬಿಡದು.

ಹೋದ ಶ್ರಾವಣದಲ್ಲಿ ಬಸವನ ಬಾಗೇವಾಡಿಯ ಬೀಗರ ಮನೆಗೆ ಕೀಲಿ ಕೊಡುವ ಪೆಟ್ಟಿಗೆಯನ್ನು ಒಯ್ದಿದ್ದೆ. ಹೆಸರು ಪೂರ್ತಿ ಅಳಿಸಿಹೋದ ಒಂದು ನಾಟಕದ ಹಾಡಿನ ರೆಕಾರ್ಡು ಆಗಷ್ಟೇ ಗುಜರಿಯಲ್ಲಿ ಸಿಕ್ಕಿತ್ತು. ಅಂಚಿನಲ್ಲಿ ಸೀಳು, ಇನ್ನೂ ನಕಲು ಮಾಡಿಕೊಂಡಿರಲಿಲ್ಲ. ಅದು ಹಾಡತೊಡಗಿದಾಗ ಪಡಸಾಲೆಯ ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ತೊಂಬತ್ತರ ಅಜ್ಜಿಯ ಕೈ ನಿಂತಿತು.

“ಇದು ನಮ್ಮಕ್ಕನ ದನಿ,” ಎಂದರು.

ಮನೆಯವರೆಲ್ಲ ಮುಖಮುಖ ನೋಡಿಕೊಂಡರು. ನಾಟಕ ಕಂಪನಿ ಸೇರಿದಳೆಂದು ತವರಿನವರು ಹೆಸರೆತ್ತದೆ ಬಿಟ್ಟ ಅಕ್ಕನೊಬ್ಬಳು ಇದ್ದಳೆಂಬುದು ಮಕ್ಕಳಿಗೂ ತಿಳಿದಿರಲಿಲ್ಲ. ದನಿ ಅವಳದೇ ಎನ್ನಲು ನನ್ನಲ್ಲಿ ಪುರಾವೆಯಿಲ್ಲ. ಕೇಳಬೇಕೆಂದೂ ಅನಿಸಲಿಲ್ಲ.

“ಇನ್ನೊಮ್ಮೆ ಹಚ್ಚೋ ಯಪ್ಪಾ.”

ಸೀಳಿನ ಮೇಲೆ ಮುಳ್ಳು ಟಕ್ ಟಕ್ ಎನ್ನುತ್ತಿತ್ತು. ಬೀಗರ ಮೊಮ್ಮಗ ಮೊಬೈಲನ್ನು ಹತ್ತಿರ ಹಿಡಿದು ನಕಲು ಮಾಡಿಕೊಂಡ. ಮುಂದೆ ಅದರಿಂದಲೇ ಕೇಳಬಹುದೆಂದು ತಿಳಿಸಿ ಹೇಳಿದೆ. ಅಜ್ಜಿ ಮೊಬೈಲಿನತ್ತ ನೋಡಲೂ ಇಲ್ಲ; ಪೆಟ್ಟಿಗೆಗೆ ಕೈ ತಾಗಿಸಿಕೊಂಡೇ ಕೂತಿದ್ದರು. ನಾನು ಹೊಸ ಮುಳ್ಳು ಹಾಕಿ ಮತ್ತೆ ಕೀಲಿ ಕೊಟ್ಟೆ. ಅಂದು ನಾಲ್ಕು ಸಲ ಹಚ್ಚಿದೆವು. ಹೊರಡುವಾಗ ರೆಕಾರ್ಡನ್ನು ಅವರ ಉಡಿಯಲ್ಲಿಟ್ಟೆ. ಅದನ್ನು ದೇವರ ಮಾಡದಲ್ಲಿ, ವಿಭೂತಿಗಟ್ಟಿಯ ಪಕ್ಕಕ್ಕೆ ಒರಗಿಸಿ ನಿಲ್ಲಿಸಿದ್ದಾರಂತೆ.