ಉದ್ರಿ ವಹಿ ಮತ್ತು ಪಿವಟ್ ಟೇಬಲ್

ಪಿವಟ್ ಟೇಬಲ್ ಅಂದ್ರೆ ಇಂಟರ್‌ವ್ಯೂದಲ್ಲಿ ಕೇಳುವ ಪ್ರಶ್ನೆ, ಅಷ್ಟೇ ಅಂತ ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಈ ಸಲ ರಜೆಯಲ್ಲಿ ನಾವು ಮೂವರು ಅದನ್ನ ಇಂಡಿ ತಾಲೂಕಿನ ಲಚ್ಯಾಣದ ಕಡೆ ದನದ ದವಾಖಾನೆ ನಡೆಸುವ ಖಾಸಗಿ ಡಾಕ್ಟರೊಬ್ಬರ ಲೆಕ್ಕಕ್ಕೆ ಹಚ್ಚಿ ನೋಡಿದೆವು. ನಮ್ಮಲ್ಲೊಬ್ಬನಿಗೆ ಅವರು ಕಾಕಾ ಆಗಬೇಕು. "ಹಗಲೂ ಕೆಲಸ ಐತಿ, ರಾತ್ರಿನೂ ಐತಿ. ತಿಂಗಳ ಕೊನೀಗೆ ಔಷಧ ಅಂಗಡಿಯವ್ರಿಗೆ ಕೊಡಾಕ ರೊಕ್ಕ ಇರೂದಿಲ್ಲ. ಎಲ್ಲಿ ಹೊಂಟೈತಿ ನೋಡ್ರಪಾ," ಅಂದರು. ದೂರದ ತೋಟದ ವಸ್ತಿಗಳಿಗೆ ಹೋಗೋದನ್ನೇ ಬಿಡಬೇಕು ಅನ್ನೋ ವಿಚಾರ ಅವರ ತಲೆಯಲ್ಲಿತ್ತು.

ಮೊದಲ ಕೆಲಸ ವಹಿಯನ್ನ ಸಾಲು ಮಾಡೋದು. ಒಂದು ಭೇಟಿಗೆ ಒಂದು ಸಾಲು: ತಾರೀಖು, ಊರು, ಪ್ರಾಣಿ, ಕೆಲಸ, ಫೀ, ಔಷಧ, ಬಂದದ್ದು, ಬಾಕಿ. ಹಳೇ ಬಾಕಿ ತೀರಿಸಿದ್ರೆ ಅದಕ್ಕೂ ತಾರೀಖು ಹಾಕಿ ಬೇರೆ ಸಾಲು. 'ಎಮ್ಮಿ' ಮತ್ತು 'ಎಮ್ಮೆ' ನಮಗೆ ಒಂದೇ, ಎಕ್ಸೆಲ್‌ಗೆ ಎರಡು ಪ್ರಾಣಿ. ಹಂಗಾಗಿ ಹೆಸರುಗಳನ್ನ ಒಂದೇ ಥರ ಬರೆಯಬೇಕು. ಫೀ, ಔಷಧ ಎರಡನ್ನೂ ಬೇರೆ ಇಡಲೇಬೇಕು. ಪಶುಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿ ಇದೆ, ಮಾರುವ ಔಷಧದ ಲೆಕ್ಕ ಬೇರೆ. ಮೇಲಾಗಿ ಔಷಧದ ರೊಕ್ಕದಲ್ಲಿ ದೊಡ್ಡ ಪಾಲು ಅಂಗಡಿಯವರದು, ಡಾಕ್ಟರದಲ್ಲ.

ಒಂದೇ ರಾಶಿಯನ್ನ ಬೇರೆ ಬೇರೆ ಮಗ್ಗಲಿಂದ ತಿರುಗಿಸಿ ನೋಡೋದೇ ಪಿವಟ್. 1991ರ ಲೋಟಸ್ ಇಂಪ್ರೊವ್‌ನಲ್ಲಿ ಈ ವಿಚಾರ ರೂಪ ಪಡೆಯಿತು. 1993ರಲ್ಲಿ ಎಕ್ಸೆಲ್ 5ರ ಜೊತೆ ಪಿವಟ್ ಟೇಬಲ್ ಅನ್ನೋ ಹೆಸರಲ್ಲೇ ಎಲ್ಲರ ಕೈಗೆ ಬಂತು.

ಪ್ರಾಣಿವಾರು ಫೀ ಕೂಡಿಸಿದಾಗ ಆಕಳು, ಎಮ್ಮೆ ಮೇಲೆ, ಆಡು ಕೆಳಗೆ. ಇದು ಕಾಕಾಗೆ ಮೊದಲೇ ಗೊತ್ತು. ತಿಂಗಳುವಾರು ಬಾಕಿ ಹಾಕಿದಾಗ ಅವರು ಕುರ್ಚಿ ಹತ್ತಿರ ಎಳಕೊಂಡರು. ಬಿತ್ತನೆ ಹೊತ್ತಿಗೆ, ಅಂದ್ರೆ ಜೂನ್‌ನಿಂದ, ಬಾಕಿ ಏರುತ್ತಾ ಹೋಗಿ ತೊಗರಿ ರಾಶಿಯಾದ ಮೇಲೆ ಇಳಿದಿತ್ತು. ರೊಕ್ಕ ಮುಳುಗಿರಲಿಲ್ಲ, ತಡವಾಗಿತ್ತು. ರೈತ ಕೊಡೋದು ಸುಗ್ಗಿಗೆ, ಅಂಗಡಿ ಕೇಳೋದು ತಿಂಗಳಿಗೆ. ನಡುವೆ ಕಾಕಾ ಬಡ್ಡಿಯಿಲ್ಲದ ಬ್ಯಾಂಕ್ ಆಗಿದ್ದರು.

ಇನ್ನು ವಸ್ತಿಗಳ ಮಾತು. ಇಲ್ಲಿ ಪೆಟ್ರೋಲ್ ಕಾಲಂ ಬೇಕಾಯಿತು, ಅಲ್ಲೇ ಒಂದು ಸೂಕ್ಷ್ಮ ಇದೆ. ಪೆಟ್ರೋಲ್ ಖರ್ಚು ಭೇಟಿಗಲ್ಲ, ಸುತ್ತಿಗೆ. ಉದಾಹರಣೆಗೆ ಒಂದು ಸುತ್ತಿಗೆ 120 ರೂಪಾಯಿ ಅನ್ನಿ. ಮೂರು ಮನೆ ನೋಡಿ ಮೂರೂ ಸಾಲಿಗೆ 120 ಬರೆದರೆ ಮೊತ್ತ 360 ಆಗ್ತದೆ. ಸಾಲಿಗೆ 40 ಹಂಚಬೇಕು. ಹಂಗೆ ಹಂಚಿದ ಮೇಲೆ ಚಿತ್ರ ಬದಲಾಯಿತು: ವಸ್ತಿ ನಷ್ಟವಲ್ಲ, ಒಂದೇ ಮನೆಗಾಗಿ ಹೋಗಿಬರೋದು ನಷ್ಟ. ಲಸಿಕೆ, ಜಂತಿನ ಔಷಧಿಗೆಲ್ಲ ಒಂದೊಂದು ದಿಕ್ಕಿಗೆ ವಾರದಲ್ಲೊಂದು ದಿನ ಗೊತ್ತು ಮಾಡಬಹುದು. ಕರು ಅಡ್ಡ ಸಿಕ್ಕರೆ, ಹೊಟ್ಟೆ ಉಬ್ಬರಿಸಿದರೆ ಮಾತ್ರ ಯಾವ ಹೊತ್ತಾದರೂ ಹೋಗಬೇಕು.

ಕೊನೆಗೆ ಆಡಿನ ಸಾಲುಗಳು ಉಳಿದವು. ಆಡು ಬಡವರ ಆಕಳು. ಅವುಗಳಲ್ಲಿ ಬಹಳಷ್ಟಕ್ಕೆ ಫೀ ಕಾಲಂ ಖಾಲಿ. ಕಾಕಾ ರೊಕ್ಕ ಕೇಳಿಯೇ ಇರಲಿಲ್ಲ. ಫಿಲ್ಟರ್ ಹಾಕಿ ತೆಗೀಲಾ ಅಂತ ಕೇಳಿದೆವು.

"ತೆಗೀಬ್ಯಾಡ್ರಿ. ನಾ ಹೋಗೀನಲ್ಲ? ಸೊನ್ನಿ ಬರೀರಿ."

ತಾಂತ್ರಿಕವಾಗಿಯೂ ಅವರ ಮಾತೇ ಸರಿ. ಸರಾಸರಿ ತೆಗೆಯುವಾಗ ಎಕ್ಸೆಲ್ ಖಾಲಿ ಜಾಗವನ್ನ ಬಿಟ್ಟುಬಿಡ್ತದೆ, ಸೊನ್ನೆಯನ್ನ ಎಣಿಸ್ತದೆ. ಖಾಲಿ ಬಿಟ್ಟಿದ್ದರೆ ಆ ಭೇಟಿಗಳೇ ನಡೆದಿಲ್ಲ ಅನ್ನೋ ಹಂಗೆ ಸರಾಸರಿ ಫೀ ದೊಡ್ಡದಾಗಿ ಕಾಣ್ತಿತ್ತು. ಸೊನ್ನೆ ಬರೆದಾಗ, ವರ್ಷಕ್ಕೆ ಎಷ್ಟು ಭೇಟಿ ಪುಕ್ಕಟೆ, ಅದು ತಮಗೆ ತಡೀತದೋ ಇಲ್ಲೋ ಅಂತ ಅವರೇ ನೋಡಿ ನಿರ್ಧರಿಸುವ ಹಂಗಾಯಿತು. ತಡೀತದೆ ಅಂದರು. ವಸ್ತಿ ಬಿಡೋ ಮಾತು ಅಲ್ಲಿಗೆ ನಿಂತಿತು. ಔಷಧ ಅಂಗಡಿಯವರ ಹತ್ತಿರ ಸುಗ್ಗಿತನಕ ಗಡುವು ಕೇಳೋಕೆ ಹೊರಟರು.

ಯಾವ ಸಾಲು ಇರಬೇಕು ಅನ್ನೋದನ್ನ ಪಿವಟ್ ಟೇಬಲ್ ಹೇಳೋದಿಲ್ಲ. ಅದನ್ನ ಹೇಳಬೇಕಾದವರು ವಹಿ ಬರೆದವರು. ನಿಮ್ಮ ಮನೆಯಲ್ಲೂ ಕಿರಾಣಿಯದೋ ಹಾಲಿನದೋ ಒಂದು ಉದ್ರಿ ವಹಿ ಇದ್ದೇ ಇರ್ತದೆ. ಬರೆದವರನ್ನ ಪಕ್ಕದಲ್ಲಿ ಕೂಡಿಸಿಕೊಂಡು ಒಮ್ಮೆ ತಿರುಗಿಸಿ ನೋಡ್ರಿ.