ಮೊದಲು ಗ್ಯಾಸ್, ಆಮೇಲೆ ಗ್ರೈಂಡರ್

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಶೆಡ್ಡು. ನಿಮ್ಮೆದುರು 50 ಲೀಟರಿನ ಬಿಯರ್ ಕೆಗ್ ನಿಂತಿದೆ. ಸೊಂಟದ ಹತ್ತಿರ ನೆಗ್ಗಿದ್ದರಿಂದ ಬ್ರೂವರಿಯವರೇ ಅದನ್ನು ಬಳಕೆಯಿಂದ ತೆಗೆದು, ಪ್ರಯೋಗಕ್ಕೊಂದು ಕುದಿಸುವ ಹಂಡೆ ಮಾಡಿಕೊಡಿ ಎಂದು ಕಳಿಸಿದ್ದಾರೆ. 2009ರಲ್ಲಿ ಡೂಲಾಲಿ ಮೈಕ್ರೋಬ್ರೂವರಿ ಶುರುವಾದ ಮೇಲೆ ಪುಣೆಗೆ ತಾಜಾ ಬಿಯರಿನ ರುಚಿ ಹತ್ತಿದೆ. ಹೊಸ ರುಚಿಯನ್ನು ನೇರವಾಗಿ ದೊಡ್ಡ ಹಂಡೆಯಲ್ಲಿ ಪರೀಕ್ಷಿಸಿದರೆ, ಕೆಟ್ಟಾಗ ಚರಂಡಿಗೆ ಹೋಗುವುದೂ ದೊಡ್ಡ ಹಂಡೆಯೇ.

ನಿಮ್ಮ ಕಣ್ಣು ಗ್ರೈಂಡರಿನ ಮೇಲಿದೆ. "ತಡೀರಿ ಸರ," ಎನ್ನುತ್ತಾರೆ ವೆಲ್ಡರ್. ಇಂಡಿ ಕಡೆಯವರು; ಹೆಲ್ಪರ್ ಜೊತೆ ಮರಾಠಿ, ನಿಮ್ಮ ಜೊತೆ ಕನ್ನಡ. "ಮೊದಲ ಗ್ಯಾಸ್ ಬಿಡೂಣ್ರಿ. ಒಳಗ ಪ್ರೆಶರ್ ಕುಂತಿರತೈತಿ."

ಬಿಯರ್ ಮುಗಿದರೂ ಕಾರ್ಬನ್ ಡೈಆಕ್ಸೈಡ್ ಮುಗಿದಿರುವುದಿಲ್ಲ. ಮೂತಿಗೆ ಬಟ್ಟೆ ಹೊದಿಸಿ, ಮುಖ ಆಚೆ ತಿರುಗಿಸಿ, ಸ್ಕ್ರೂಡ್ರೈವರಿನಿಂದ ವಾಲ್ವ್ ಅದುಮುತ್ತಾರೆ. ಬುಸ್ಸ್! ಹುಳಿ ನಾತದ ನೊರೆ ಬಟ್ಟೆಯಿಂದ ಜಿನುಗುತ್ತದೆ. ಸದ್ದು ಪೂರ್ತಿ ಅಡಗಿದ ಮೇಲೆಯೇ ಲಾಕಿನ ಉಂಗುರ ಕಿತ್ತು, ತಳದವರೆಗೆ ಇಳಿದಿದ್ದ ಕೊಳವೆಯನ್ನು ಹೊರಗೆಳೆಯುತ್ತಾರೆ. ಇಷ್ಟು ಮಾಡದೆ ಕೆಗ್ಗಿಗೆ ಗ್ರೈಂಡರ್ ಹಚ್ಚುವವನು ಎಷ್ಟೇ ಪಳಗಿದ್ದರೂ ದಡ್ಡನೇ.

ಹೆಲ್ಪರ್ ಹಳೆಯ ಕಟಿಂಗ್ ವೀಲ್ ತರುತ್ತಾನೆ; ಬೈಗುಳ ತಿಂದು ವಾಪಸ್ ಹೋಗುತ್ತಾನೆ. ಕಬ್ಬಿಣ ಕೊಯ್ದ ವೀಲ್ ತಾಗಿದರೆ ಅದರ ಪುಡಿ ಸ್ಟೀಲಿಗೆ ಹತ್ತಿ ತುಕ್ಕು ಹಿಡಿಯುತ್ತದೆ. ಹೊಸ ವೀಲ್ ಬಂತು. ಮಾರ್ಕರಿನಲ್ಲಿ ಎಳೆದ 30 ಸೆಂಟಿಮೀಟರ್ ಅಗಲದ ವೃತ್ತದ ಗುಂಟ ಕಿಡಿ ಹಾರುತ್ತವೆ, ಕಿವಿ ಗುಂಯ್ಗುಡುತ್ತದೆ, ಮುಚ್ಚಳ ಠಣ್ಣೆಂದು ಒಳಗೆ ಬೀಳುತ್ತದೆ. ಕೊಯ್ದ ಅಂಚು ಬ್ಲೇಡಿನಂತಿದೆ, ಕೈ ಹಾಕಬೇಡಿ. ಉಜ್ಜಿ ನುಣುಪು ಮಾಡುವವರೆಗೆ ಕಾಯಿರಿ.

ತಳದ ಹತ್ತಿರ ತೂತು ಕೊರೆದು, ಅರ್ಧ ಇಂಚಿನ ಎಸ್‌ಎಸ್ ಸಾಕೆಟ್ ಕೂರಿಸಿ ಆರ್ಗಾನ್ ವೆಲ್ಡಿಂಗ್. ಒಳಗಡೆಯಿಂದಲೂ ಆರ್ಗಾನ್ ಬಿಡುತ್ತಾರೆ. ಇಲ್ಲದಿದ್ದರೆ ಬೆಸುಗೆಯ ಬೆನ್ನಿಗೆ ಕಪ್ಪು ಹರಳು ಹರಳಾಗಿ ಹುರುಪೆ ಕಟ್ಟಿ, ಅದರ ಸಂದಿಯಲ್ಲಿ ಮಾಲ್ಟ್ ರಸ ಸಿಕ್ಕಿಕೊಂಡು ಕೊಳೆಯುತ್ತದೆ. ಬಾಲ್ ವಾಲ್ವ್ ತಿರುಗಿಸಿ ಬಿಗಿ ಮಾಡಿ, ನೀರು ತುಂಬಿಸಿ, ಬೆಸುಗೆಯ ಸುತ್ತ ಒಣ ಕಾಗದ ಒತ್ತುತ್ತಾರೆ. ಕಾಗದ ಒಣಗಿಯೇ ಇದೆ.

"ನಲವತ್ತ ಲೀಟರ್ ಮ್ಯಾಲ ಹಾಕಬ್ಯಾಡ್ರಿ, ಉಕ್ಕತೈತಿ."

ಮನೆಯ ಬಾಲ್ಕನಿಗೂ ಇಂಥದ್ದೊಂದು ಇರಲಿ ಎಂದು ಆಸೆಪಡುವವರು ತಿಳಿದಿರಬೇಕು: ಮಹಾರಾಷ್ಟ್ರದಲ್ಲಿ ಪರವಾನಗಿಯಿಲ್ಲದೆ ಬಿಯರ್ ತಯಾರಿಸುವುದು 1949ರ ಪಾನನಿಷೇಧ ಕಾಯ್ದೆಯಡಿ ಅಪರಾಧ.