ಹನ್ನೆರಡು ಬೈಟಿನ ಊರು

ಗೋದಾವರಿ ದಂಡೆಯ ಪೈಠಣ ಕನ್ನಡಿಗರಿಗೆ ಪೂರ್ತಿ ಪರವೂರಲ್ಲ. ಶಾತವಾಹನರ ಪ್ರತಿಷ್ಠಾನವಿದು, ‘ಕವಿರಾಜಮಾರ್ಗ’ ಕನ್ನಡ ನಾಡಿನ ಉತ್ತರದ ಎಲ್ಲೆಯಾಗಿ ಹೇಳಿದ್ದೂ ಈ ನದಿಯನ್ನೇ. ಉದ್ಯೋಗನಿಮಿತ್ತ ಇಲ್ಲಿ ನೆಲೆಸಿದ ನನ್ನನ್ನು ಆ ಹಳೆಯ ಎಲ್ಲೆಗಿಂತ ಹೆಚ್ಚು ಕಾಡಿದ್ದು ಒಂದು ತಂತ್ರಾಂಶ ಎಳೆದ ಎಲ್ಲೆ.

ಕಾರ್ಖಾನೆಯೊಂದರ ಗಣಕ ವಿಭಾಗ ನನ್ನ ಹೊಣೆ. ಜಾಲದಲ್ಲಿರುವ ಪ್ರತಿಯೊಂದು ಗಣಕವನ್ನೂ ವಿಚಾರಿಸಿ, ಅದರ ಹೆಸರು, ಮೆಮೊರಿ, ಡಿಸ್ಕುಗಳನ್ನು ಪಟ್ಟಿ ಮಾಡುವ ತಂತ್ರಾಂಶವೊಂದು ನಮ್ಮಲ್ಲಿತ್ತು. ಲೆಕ್ಕಪರಿಶೋಧನೆಗೆ ವಾರವಿರುವಾಗ ಅದು ಎಣಿಕೆಯ ನಡುವೆಯೇ ಕುಸಿಯತೊಡಗಿತು. ಲಾಗಿನ ಕೊನೆಯ ಸಾಲನ್ನು ನಂಬುವಂತಿರಲಿಲ್ಲ. ಅದು ಏಕಕಾಲಕ್ಕೆ ಹತ್ತಾರು ಯಂತ್ರಗಳನ್ನು ವಿಚಾರಿಸುತ್ತಿತ್ತು. ಉಳಿದದ್ದು ಅರ್ಧ ಮಾಡುತ್ತ ಹೋಗುವ ಹಾದಿ. ನಮ್ಮ 254 ವಿಳಾಸಗಳನ್ನು ಎರಡು ಪಾಲು ಮಾಡಿ, ಕುಸಿತ ಕಂಡ ಪಾಲನ್ನು ಮತ್ತೆ ಎರಡಾಗಿಸಿದರೆ, ಹೆಚ್ಚೆಂದರೆ ಎಂಟನೆಯ ಸುತ್ತಿಗೆ ಒಂದೇ ವಿಳಾಸ ಉಳಿಯುತ್ತದೆ.

ಉಳಿದದ್ದು ಉಗ್ರಾಣದ ಗಣಕ. ಯಂತ್ರ ಸುಸ್ಥಿತಿಯಲ್ಲೇ ಇತ್ತು. ಅದರ ವಿವರಣೆಯ ಜಾಗದಲ್ಲಿ ಅಲ್ಲಿಯ ಗುಮಾಸ್ತರು ವಿಭಾಗದ ಹೆಸರನ್ನೂ ಊರಿನ ಹೆಸರನ್ನೂ ದೇವನಾಗರಿಯಲ್ಲಿ ಬರೆದಿದ್ದರು. ಪೈಠಣವೆಂದು ರೋಮನ್ ಲಿಪಿಯಲ್ಲಿ ಬರೆದರೆ 7 ಬೈಟು ಸಾಕು. ದೇವನಾಗರಿಯಲ್ಲಾಗಲಿ ಕನ್ನಡದಲ್ಲಾಗಲಿ ಯುಟಿಎಫ್-8 ಕ್ರಮಕ್ಕೆ 12 ಬೇಕು. ಅನುಮಾನ ಪರಿಹರಿಸಿಕೊಳ್ಳಲು ನನ್ನ ಗಣಕದ ವಿವರಣೆಯನ್ನು ಕನ್ನಡದಲ್ಲಿ ಬರೆದೆ. ತಂತ್ರಾಂಶ ಅಲ್ಲೂ ಕುಸಿಯಿತು. ಅಕ್ಷರಕ್ಕೊಂದೇ ಬೈಟೆಂದು ಎಣಿಸಿ ಜಾಗ ಕಾದಿರಿಸಿದ್ದೇವೆಂದು ತಯಾರಕರು ಮುಂದೆ ತಿಳಿಸಿದರು.

“ಸಾಹೇಬ್, ಇಂಗ್ಲಿಷಿನಲ್ಲಿ ಬರೆದುಬಿಡುತ್ತೇನೆ, ಅದಕ್ಕೇನಂತೆ” ಎಂದರು ಗುಮಾಸ್ತರು, ಸಂಕೋಚದಿಂದ. ಒಂದು ನಿಮಿಷದ ಕೆಲಸ. ಮೇಲಧಿಕಾರಿಗಳ ಅಪೇಕ್ಷೆಯೂ ಅದೇ. ಆದರೆ ಆ ಸಂಕೋಚ ನನಗೆ ಚಿರಪರಿಚಿತ. ಹೊರನಾಡಿನ ಕಚೇರಿಗಳಲ್ಲಿ ನಮ್ಮ ಊರು, ತಂದೆಯ ಹೆಸರು ಅರ್ಜಿಯ ಚೌಕಕ್ಕೆ ಹಿಡಿಸದಿದ್ದಾಗ, ಚೌಕವನ್ನು ಪ್ರಶ್ನಿಸದೆ ಹೆಸರನ್ನೇ ಮೊಟಕುಗೊಳಿಸಿಕೊಂಡವರು ನಾವು.

ಆ ಒಂದು ವಿಳಾಸವನ್ನು ಎಣಿಕೆಯಿಂದ ಹೊರಗಿಟ್ಟು, ಅದರ ವಿವರಗಳನ್ನು ಕೈಯಿಂದ ಪಟ್ಟಿಗೆ ಸೇರಿಸಿದೆ. ಪರಿಶೋಧನೆ ಸುಗಮವಾಗಿ ಮುಗಿಯಿತು. ಕುಸಿತವನ್ನು ಮರುಕಳಿಸುವ ಕ್ರಮವನ್ನು ಹೆಜ್ಜೆ ಹೆಜ್ಜೆಯಾಗಿ ಬರೆದು ತಯಾರಕರಿಗೆ ಕಳುಹಿಸಿದೆ. ಯುನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ದೇವನಾಗರಿಗೂ ಕನ್ನಡಕ್ಕೂ ಸ್ಥಾನ ಕೊಟ್ಟಿತ್ತು. ನಾವು ಕೇಳಿದ್ದು ಆ ಸ್ಥಾನದ ಪಾಲನೆಯನ್ನಷ್ಟೇ. ಕೆಲವು ತಿಂಗಳ ಬಳಿಕ ತಿದ್ದಿದ ಆವೃತ್ತಿ ಬಂತು. ಗುಮಾಸ್ತರನ್ನು ಕರೆದು ಪಟ್ಟಿಯನ್ನು ತೋರಿಸಿದೆ. ಅವರು ತಮ್ಮ ಸಾಲನ್ನು ಎರಡು ಬಾರಿ ಓದಿ, ಅದರ ಕೆಳಗಿದ್ದ ಕನ್ನಡದ ಸಾಲಿನಲ್ಲಿ ಏನಿದೆಯೆಂದು ಕೇಳಿದರು.